ಸ್ಪ್ಯಾನಿಷ್ ಮಾತಾಡುವವರಿಗೆ ಇಂಗ್ಲಿಷ್ ಕಲಿಸಲು ಆಂಕಿ: ದೀರ್ಘ ಬಳಕೆಯ ವಿಮರ್ಶೆ

ಸ್ಪ್ಯಾನಿಷ್ ಮನೆಮಾತಿನ ವಯಸ್ಕರಿಗೆ ಇಂಗ್ಲಿಷ್‌ನ ಮೊದಲ ಸಾವಿರ ಪದ ಕಲಿಸಲು ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರವಿರುವ ಕಾರ್ಡುಗಳನ್ನು ದಿನಗಳ ಅಂತರ ಕೊಟ್ಟು ಮತ್ತೆ ಮತ್ತೆ ತೋರಿಸುವ ಆಂಕಿ ಫ್ಲ್ಯಾಶ್‌ಕಾರ್ಡ್ ತಂತ್ರಾಂಶವನ್ನು ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯವಿದು. ಪದ ನೆನಪಿನಲ್ಲಿ ಉಳಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಕಂಡಿಲ್ಲ. ಆದರೆ ಓದಿ ಅರ್ಥ ಮಾಡಿಕೊಳ್ಳುವುದನ್ನು ಇದು ತಾನಾಗಿ ಕಲಿಸುವುದಿಲ್ಲ. ಅದು ಕಾರ್ಡ್ ತಯಾರಿಸುವವರ ಕೈಯಲ್ಲಿದೆ.

ಮೊದಲು ಸೆಟ್ಟಿಂಗ್. ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ಇರುತ್ತದೆ; ಅದನ್ನು 8ಕ್ಕೆ ಇಳಿಸಿ. 20ರಲ್ಲೇ ಬಿಟ್ಟರೆ ಕೆಲವೇ ವಾರಗಳಲ್ಲಿ ದಿನದ ಪುನರಾವರ್ತನೆ ನೂರೈವತ್ತರ ಆಸುಪಾಸಿಗೆ ಏರುತ್ತದೆ, ಕೆಲಸ ಮುಗಿಸಿ ಬಂದವರು ಅಲ್ಲಿಗೇ ಕೈಬಿಡುತ್ತಾರೆ. ಯಾವ ಕಾರ್ಡ್ ಮತ್ತೆ ಯಾವಾಗ ಬರಬೇಕೆಂದು ಲೆಕ್ಕ ಹಾಕುವ, 23.10 ಆವೃತ್ತಿಯಿಂದ ಬಂದ ಎಫ್‌ಎಸ್‌ಆರ್‌ಎಸ್ ಎಂಬ ವಿಧಾನವನ್ನು ಆನ್ ಮಾಡಿ, ನೆನಪಿನ ಗುರಿ 0.90ರಲ್ಲೇ (ನೂರಕ್ಕೆ ತೊಂಬತ್ತು) ಇರಲಿ. ಉತ್ತರ ಮರೆತಾಗ ಒತ್ತಬೇಕಾದ್ದು ‘ಎಗೇನ್’. ಸಂಕೋಚಪಟ್ಟು ‘ಹಾರ್ಡ್’ ಒತ್ತಿದರೆ ಆಂಕಿ ಅದನ್ನು ಸರಿಯುತ್ತರವೆಂದೇ ಎಣಿಸಿ ಮುಂದಿನ ಸಲ ತೋರಿಸುವವರೆಗಿನ ಅಂತರ ಹೆಚ್ಚಿಸುತ್ತದೆ, ಲೆಕ್ಕವೆಲ್ಲ ತಪ್ಪುತ್ತದೆ.

ಪುಕ್ಕಟೆ ಸಿಗುವ ಬಹಳಷ್ಟು ಡೆಕ್‌ಗಳಲ್ಲಿ, ಅಂದರೆ ಕಾರ್ಡುಗಳ ಕಟ್ಟುಗಳಲ್ಲಿ, ಕಾರ್ಡಿನ ಮುಂದೆ ಒಂದು ಸ್ಪ್ಯಾನಿಷ್ ಪದ, ಹಿಂದೆ ಒಂದು ಇಂಗ್ಲಿಷ್ ಪದ ಇರುತ್ತದೆ. ಇದೇ ದೊಡ್ಡ ತೊಡಕು. ಸ್ಪ್ಯಾನಿಷ್‌ನ ‘ಎನ್’ ಇಂಗ್ಲಿಷ್‌ನಲ್ಲಿ ಇನ್, ಆನ್, ಆ್ಯಟ್ ಮೂರೂ ಆಗಬಹುದು. ‘ಸು’ ಎಂಬುದು ಹಿಸ್, ಹರ್, ಯುವರ್, ದೇರ್. ‘ಅಸೆರ್’ ಎಂದರೆ ಡೂ ಕೂಡ ಮೇಕ್ ಕೂಡ. ಕಲಿಯುವವರು ಊಹಿಸುತ್ತಾರೆ, ತಪ್ಪುತ್ತಾರೆ. ಎಂಟು ಸಲ ತಪ್ಪಿದರೆ ಆಂಕಿ ಆ ಕಾರ್ಡಿಗೆ ‘ಲೀಚ್’ (ಜಿಗಣೆ) ಎಂದು ಗುರುತು ಹಾಕುತ್ತದೆ, ಸೆಟ್ಟಿಂಗ್ ಹಾಗಿದ್ದರೆ ತಡೆಹಿಡಿಯುತ್ತದೆ ಕೂಡ. ಆಗ ಅತಿ ಮುಖ್ಯವಾದ ಪದಗಳೇ ಅಭ್ಯಾಸದಿಂದ ಮರೆಯಾಗುತ್ತವೆ. ಪರಿಹಾರ ಕ್ಲೋಜ್ ಕಾರ್ಡ್, ಅಂದರೆ ವಾಕ್ಯದಲ್ಲಿ ಬಿಟ್ಟ ಪದ ತುಂಬುವ ಕಾರ್ಡ್: ‘ದ ಕೀಸ್ ಆರ್ ___ ದ ಟೇಬಲ್’, ಜೊತೆಗೆ ಮೇಜಿನ ಮೇಲೆ ಬೀಗದ ಕೈ ಇರುವ ಚಿತ್ರ. ಆಗ ಉತ್ತರ ಒಂದೇ.

ಸ್ಪ್ಯಾನಿಷ್‌ನಲ್ಲೂ ಹೆಚ್ಚುಕಡಿಮೆ ಹಾಗೇ ಬರೆಯುವ ಹಾಸ್ಪಿಟಲ್, ಇನ್ಫರ್ಮೇಶನ್‌ನಂಥ ಪದಗಳ ಅರ್ಥ ಕಲಿಯುವವರಿಗೆ ನೋಡಿದೊಡನೆ ಗೊತ್ತಾಗುತ್ತದೆ. ಅವಕ್ಕೆ ಧ್ವನಿಯ ಕಾರ್ಡ್ ಮಾತ್ರ ಸಾಕು. ಕಾರ್ಡಿನ ಟೆಂಪ್ಲೇಟಿನಲ್ಲಿ (ಅಚ್ಚಿನಲ್ಲಿ) ಪಠ್ಯವನ್ನು ಕಂಪ್ಯೂಟರ್ ಧ್ವನಿಯಲ್ಲಿ ಓದಿಸುವ ಟಿಟಿಎಸ್ ಟ್ಯಾಗ್ ಹಾಕಿದರೆ ರೆಕಾರ್ಡಿಂಗ್ ಬೇಕಿಲ್ಲ.

ಕನ್ನಡಿಗ ಶಿಕ್ಷಕರ ಕಣ್ಣು ತಪ್ಪಿಸುವ ಒಂದು ಕಷ್ಟವಿದೆ. ‘ಚಿಕನ್ ಸೂಪ್’, ‘ಬಸ್ ಸ್ಟಾಪ್’ ನಮಗೆ ಕೋಳಿ ಸಾರಿನ ಕ್ರಮದಲ್ಲೇ ಬರುವುದರಿಂದ ಸಲೀಸು. ಸ್ಪ್ಯಾನಿಷ್‌ನಲ್ಲಿ ಅದು ‘ಸೋಪಾ ದೆ ಪೋಯೋ’, ಅಂದರೆ ಸಾರು ಮೊದಲು, ಕೋಳಿ ಆಮೇಲೆ. ‘ಹೌಸ್ ಕೀ’ ಓದಿ ಯಾವುದೋ ಮನೆಯ ಬಗ್ಗೆ ಮಾತು ಎಂದುಕೊಳ್ಳುವವರಿದ್ದಾರೆ. ಇಂಥ ಜೋಡಿಪದಗಳಿಗೆ ಬೇರೆಯೇ ಕಾರ್ಡ್ ಬೇಕು.

ಓದಿನ ಅಭ್ಯಾಸಕ್ಕೆ ನೂರು ಪದಗಳ ಗದ್ಯಭಾಗ ತೆಗೆದುಕೊಳ್ಳಿ. ಗೊತ್ತಿಲ್ಲದ ಪದ ಎರಡು ಮೀರಬಾರದು. ಪೂರ್ತಿ ಓದಿಸಿ, ಪ್ರಶ್ನೆ ಕೇಳಿ, ಎಡವಿದ ವಾಕ್ಯವನ್ನೇ ಕ್ಲೋಜ್ ಕಾರ್ಡ್ ಮಾಡಿ. ಪ್ರಶ್ನೆ ಹೇಗಿದೆ ಎಂಬುದು ಇಲ್ಲಿ ಬಹಳ ಮುಖ್ಯ. ‘ಮಾರಿಯಾ ವೆಂಟ್ ಟು ದ ಲೈಬ್ರರಿ’ ಎಂದಿರುವಲ್ಲಿ ‘ಎಲ್ಲಿಗೆ ಹೋದಳು?’ ಎಂದು ಕೇಳಿದರೆ ‘ಲೈಬ್ರರಿ’ ಎಂದು ಪದ ನೋಡಿ ಬರೆದುಬಿಡುತ್ತಾರೆ. ತಲೆಯಲ್ಲಿರುವುದು ಮಾತ್ರ ‘ಲಿಬ್ರೆರಿಯಾ’, ಅಂದರೆ ಪುಸ್ತಕದಂಗಡಿ! ‘ಪುಸ್ತಕ ವಾಪಸ್ ಕೊಡಬೇಕೇ?’ ಎಂದು ಕೇಳಿದಾಗ ತಪ್ಪು ಹೊರಬೀಳುತ್ತದೆ. ‘ಅಟೆಂಡ್’ ಎಂಬರ್ಥದ ‘ಆಸಿಸ್ತಿರ್’ ನೆನಪಿಗೆ ಬಂದು, ಸಹಾಯ ಮಾಡು ಎಂಬರ್ಥದ ‘ಅಸಿಸ್ಟ್’ ಅನ್ನು ತಪ್ಪಾಗಿ ಓದುವುದೂ ಹೀಗೆಯೇ.

ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ. ಐಫೋನ್ ಆ್ಯಪ್‌ಗೆ ಒಮ್ಮೆ ಹಣ ಕೊಡಬೇಕು; ಬೇಡವೆಂದರೆ ಬ್ರೌಸರಿನಲ್ಲಿ ಆಂಕಿಯ ಜಾಲತಾಣವಾದ ಆಂಕಿವೆಬ್ ತೆರೆದು ಅದೇ ಡೆಕ್ ಅಭ್ಯಾಸ ಮಾಡಬಹುದು, ಹೊಸ ಕಾರ್ಡ್ ತಯಾರಿಗೆ ಮಾತ್ರ ಕಂಪ್ಯೂಟರೇ ಅನುಕೂಲ.