ಆಲ್-ಇನ್-ಒನ್ ಪಾಲಿಶ್‌ಗೆ ಫೋಮ್ ಪ್ಯಾಡೋ, ಮೈಕ್ರೋಫೈಬರ್ ಪ್ಯಾಡೋ?

ಕಾರಿನ ಪೇಂಟಿಗೆ ಹಚ್ಚುವ ಆಲ್-ಇನ್-ಒನ್ ಪಾಲಿಶ್‌ನ ಒಂದೇ ಬಾಟಲಿಯಲ್ಲಿ ಉಜ್ಜುವ ಪುಡಿಯೂ ಇದೆ, ಪೇಂಟ್ ಕಾಯುವ ವ್ಯಾಕ್ಸೋ ಸೀಲೆಂಟೋ ಕೂಡ ಇದೆ. ಎಷ್ಟು ಗೀರು ಹೋಗುತ್ತದೆ ಎಂಬುದನ್ನು ಬಹುಪಾಲು ಪಾಲಿಶ್ ಯಂತ್ರಕ್ಕೆ ಅಂಟಿಸುವ ಪ್ಯಾಡೇ ತೀರ್ಮಾನಿಸುತ್ತದೆ.

ಗೀರು ತೆಗೆಯುವುದರಲ್ಲಿ ಮೈಕ್ರೋಫೈಬರ್ ಮುಂದು. ಆದರೆ ಮೆತ್ತನೆಯ ಪೇಂಟ್, ಅದರಲ್ಲೂ ಕಪ್ಪು ಕಾರಾದರೆ, ಬಿಸಿಲಿಗೆ ತಂದಾಗ ಅದು ಬಿಟ್ಟುಹೋದ ಮಬ್ಬು ಪದರ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಮಧ್ಯಮ ಗಡಸಿನ ಫೋಮ್ ಸಾಕು. ಬಿಳಿ, ಸಿಲ್ವರ್ ಕಾರಿಗೆ, ಗಟ್ಟಿ ಕ್ಲಿಯರ್‌ಕೋಟ್‌ಗೆ (ಬಣ್ಣದ ಮೇಲಿನ ಪಾರದರ್ಶಕ ಪದರ) ಮೈಕ್ರೋಫೈಬರ್ ಸಮಯ ಉಳಿಸುತ್ತದೆ. ಉಗುರಿಗೆ ಸಿಗುವ ಗೀರು ಎರಡಕ್ಕೂ ಬಗ್ಗದು.

ಖರ್ಚು ಪ್ಯಾಡಿನ ಬೆಲೆಯಲ್ಲಿಲ್ಲ, ಸಂಖ್ಯೆಯಲ್ಲಿದೆ. ಆಲ್-ಇನ್-ಒನ್ ಜಿಡ್ಡಿನದು, ಎಳೆಗಳ ನಡುವೆ ಬೇಗ ಕಟ್ಟಿಕೊಳ್ಳುತ್ತದೆ. ಮೈಕ್ರೋಫೈಬರ್ ಹಿಡಿದರೆ ಒಂದು ಕಾರಿಗೆ ಐದಾರು ಬೇಕು, ಪ್ರತಿ ಭಾಗ ಮುಗಿದಾಗಲೂ ಬ್ರಷ್ ಆಡಿಸಬೇಕು. ಫೋಮ್ ಮೂರ್ನಾಲ್ಕರಲ್ಲಿ ಮುಗಿಯುತ್ತದೆ. ಆದರೆ ಬಿಸಿ ಏರಿದರೆ ಅದರ ನಡುಭಾಗ ಕುಸಿದು ವೆಲ್ಕ್ರೋ ಕಿತ್ತುಬರುತ್ತದೆ.

ಐದಿಂಚಿನ ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಹೆಚ್ಚು ಹಾಕಿದರೆ ಪ್ಯಾಡ್ ಜಾರುತ್ತದೆ, ಗೀರು ಹಾಗೇ ಉಳಿಯುತ್ತದೆ. ಡಿಎ (ಡ್ಯುಯಲ್ ಆಕ್ಷನ್, ಪ್ಯಾಡನ್ನು ತಿರುಗಿಸುತ್ತಲೇ ಅಲುಗಿಸುವ) ಪಾಲಿಶ್ ಯಂತ್ರ ಹೊಸದಾಗಿ ಹಿಡಿಯುವವರಿಗೆ ಫೋಮೇ ವಾಸಿ: ಬಾಗಿಲಿನ ಅಂಚು, ಬಾನೆಟ್ಟಿನ ಏಣಿನಂಥ ತೆಳು ಪೇಂಟಿನ ಜಾಗದಲ್ಲಿ ಅಪಾಯ ಕಡಿಮೆ. ಮಾರಾಟಕ್ಕಿಟ್ಟ ಹಳೆ ಕಾರಿಗೆ, ಕೈ ಪಳಗಿದ್ದರೆ, ಮೈಕ್ರೋಫೈಬರ್ ಹಿಡಿಯಿರಿ.