ನಾನೂರು ರೂಪಾಯಿಯ ಹಳದಿ, ಬಿಟ್ಟಿ ಸಿಕ್ಕ ಕೆಂಪು

ದಾವಣಗೆರೆಯ ನಮ್ಮ ಮನೆಯ ತಾರಸಿಯಲ್ಲಿ ಎರಡು ದಾಸವಾಳಗಳಿವೆ. ಒಂದು, ನರ್ಸರಿಯಲ್ಲಿ ನಾನೂರು ರೂಪಾಯಿ ತೆತ್ತು ತಂದ ಹಳದಿ ಹೈಬ್ರಿಡ್. ಇನ್ನೊಂದು, ಪಕ್ಕದ ಮನೆಯ ಅಜ್ಜಿ ಗಿಡ ಸವರುವಾಗ ಕಾಂಪೌಂಡಿನಾಚೆಯಿಂದ ಚಾಚಿದ, ಐದೆಸಳಿನ ಕೆಂಪು ದಾಸವಾಳದ ಕಡ್ಡಿ. ದುಡ್ಡು ಕೊಟ್ಟದ್ದರ ಮೇಲೆ ಮಮತೆ ಹೆಚ್ಚಿರಬೇಕಿತ್ತು. ಇಲ್ಲ.

ಹಳದಿ ಹೂವಿಗೆ ಹೆಸರಿಡುವಂತಿಲ್ಲ. ಅಂಗೈಗಿಂತ ಅಗಲ, ನಡುವೆ ಕುಂಕುಮವಿಟ್ಟಂತೆ ಕೆಂಪು, ಅರಳಿದರೆ ಎರಡು ದಿನ ನಿಲ್ಲುತ್ತದೆ. ಕೆಂಪಿನದು ಸಂಜೆಗೇ ಮುದುಡುತ್ತದೆ.

ತಕರಾರೆಲ್ಲ ಹಿಟ್ಟು ತಿಗಣೆಯದು. ಮಾರ್ಚ್ ಬಿಸಿಲೇರುತ್ತಿದ್ದಂತೆ ಹಳದಿಯ ಚಿಗುರಿನ ಸಂದಿಯಲ್ಲಿ ಅಕ್ಕಿ ಹಿಟ್ಟು ಉದುರಿಸಿದಂತೆ ಬೆಳ್ಳಗೆ ಕಂಡಿತು. ಧೂಳೆಂದು ಸುಮ್ಮನಾದೆ. ಕೆಲವೇ ದಿನಗಳಲ್ಲಿ ಎಲೆ ಮುರುಟಿತು, ಮೊಗ್ಗುಗಳು ತೊಟ್ಟು ಕಳಚಿ ಬಿದ್ದವು. ಬೇವಿನ ಎಣ್ಣೆಯನ್ನು ಸೋಪಿನ ನೀರಿಗೆ ಬೆರೆಸಿ ಸಿಂಪಡಿಸಿದೆ. ಹುಳುವಿನ ಮೈಮೇಲಿನ ಮೇಣದ ಪುಡಿಯಿಂದ ಜಾರಿಹೋಯಿತು. ಹಲ್ಲುಜ್ಜುವ ಹಳೆಯ ಬ್ರಷ್ ಹಿಡಿದು ಗೆಣ್ಣು ಗೆಣ್ಣು ಉಜ್ಜಿದೆ. ನಾಲ್ಕು ದಿನಕ್ಕೆ ಮತ್ತೆ ಹಾಜರು.

ಕಡೆಗೆ ಕಣ್ಣಿಗೆ ಬಿದ್ದದ್ದು ಇರುವೆ ಸಾಲು. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳೇ ಅವಕ್ಕೆ ಕಾವಲು. ತಿಗಣೆ ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಅಗಲವಾದ ತಟ್ಟೆಗೆ ನೀರು ತುಂಬಿ, ನಡುವೆ ಇಟ್ಟಿಗೆ ಇಟ್ಟು, ಅದರ ಮೇಲೆ ಕುಂಡ ಕೂರಿಸಿದೆ. ಗೋಡೆಗೆ ತಾಗುತ್ತಿದ್ದ ರೆಂಬೆ ಕತ್ತರಿಸಿದೆ. ಆಮೇಲಷ್ಟೇ ಬೇವಿನ ಎಣ್ಣೆ ಕೆಲಸ ಮಾಡಿತು. ಜಗಳೂರಿನ ಕಡೆ ಹತ್ತಿ ಬೆಳೆಯುವ ನಮ್ಮ ಸೋದರಮಾವ ಕೇಳಿ ನಕ್ಕರು: “ನಮ್ಮ ಹತ್ತಿಗೂ ಇದೇ ಪೀಡೆ ಕಣಮ್ಮ.” ಹತ್ತಿ, ಬೆಂಡೆ, ದಾಸವಾಳ ಒಂದೇ ಕುಟುಂಬದವು, ಶತ್ರುವೂ ಒಂದೇ.

ಕೆಂಪಿಗೂ ತಿಗಣೆ ಹತ್ತಿತ್ತು. ಮೊಣಕಾಲೆತ್ತರಕ್ಕೆ ಸವರಿ ಬಿಟ್ಟೆ, ಮಳೆಗಾಲಕ್ಕೆ ಮೈತುಂಬ ಚಿಗುರಿತು. ಹಳದಿಯನ್ನು ಹಾಗೆ ಸವರಲು ನನಗೆ ಧೈರ್ಯ ಬರಲಿಲ್ಲ.

ನೀರು ಎರಡಕ್ಕೂ ಬೇಸಿಗೆಯಲ್ಲಿ ದಿನವೂ ಬೇಕು.

ನನಗೆ ಬೇಕಾದದ್ದು ಬೆಳಗಿನ ಪೂಜೆಗೆ ನಾಲ್ಕು ಹೂವು, ಭಾನುವಾರ ಸೀಗೆಪುಡಿಗೆ ಬೆರೆಸಲು ಹಿಡಿ ಎಲೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರಿನ ಪ್ರಕಾರ ದಾಸವಾಳ ಚೀನಾದ ಗುಲಾಬಿಯಂತೆ. ನಮ್ಮ ಮನೆಯಲ್ಲಿ ಗಣಪತಿಯ ಹೂವು. ಹಳದಿ ವಾರಕ್ಕೆ ಎರಡು ಹೂ ಕೊಟ್ಟರೆ ಹೆಚ್ಚು. ಮತ್ತೆ ನಾನೂರು ಕೊಡುವವಳಲ್ಲ.

ಕಳೆದ ತಿಂಗಳು ಹಳದಿ ಗಿಡದ ಕಸಿ ಗಂಟಿನ ಕೆಳಗಿನಿಂದ ಒಂದು ಚಿಗುರು ಎದ್ದು, ಮೊನ್ನೆ ಹೂ ಬಿಟ್ಟಿತು. ಐದೆಸಳು, ಕೆಂಪು. ಅಂಥದ್ದನ್ನು ಕೂಡಲೇ ಚಿವುಟಬೇಕು, ಇಲ್ಲವಾದರೆ ಕಸಿಯನ್ನೇ ನುಂಗುತ್ತದೆ ಎನ್ನುತ್ತಾರೆ. ನಾನು ಚಿವುಟಿಲ್ಲ.