ಮೂರು ಹಂಗಾಮಿನ ಬಳಿಕ: ಬ್ಲೂಬೆರಿ ಬಿಡಿಸುವ ಬಾಚಣಿಗೆ

ಮುಂದೆ ಉದ್ದ ಹಲ್ಲುಗಳು, ಹಿಂದೆ ಹಣ್ಣು ಬೀಳುವ ಡಬ್ಬಿ, ಮೇಲೊಂದು ಹಿಡಿ ಇರುವ ಈ ಬಾಚಣಿಗೆಯನ್ನು ಕೊಂಡು ಮೂರು ಹಂಗಾಮು ಕಳೆದಿವೆ. ಒಂದು ಹಲ್ಲೂ ಬಾಗಿಲ್ಲ, ಹಿಡಿ ಸಡಿಲಾಗಿಲ್ಲ, ತುಕ್ಕು ಹಿಡಿದಿಲ್ಲ. ವಸ್ತು ಗಟ್ಟಿಯಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ನನ್ನ ದೂರೆಲ್ಲ ಅದು ಗಿಡಗಳಿಗೆ ಮಾಡಿದ ಹಾನಿಯ ಬಗ್ಗೆ.

ನಮ್ಮದು 60 ಬ್ಲೂಬೆರಿ ಗಿಡಗಳ ಸಣ್ಣ ತೋಟ, ಅಂಚಿನಲ್ಲಿ ಒಂದು ಸಾಲು ಕಪ್ಪು ಕರಂಟ್ (ಗೊಂಚಲಲ್ಲಿ ಸಣ್ಣ ಕಪ್ಪು ಹುಳಿಹಣ್ಣು ಬಿಡುವ ಪೊದೆ). ಹಣ್ಣು ಬಿಡಿಸುವವರು ಮನೆಯ ಇಬ್ಬರೇ. ಆಳಿಟ್ಟರೆ ಹಣ್ಣಿನ ದುಡ್ಡೆಲ್ಲ ಕೂಲಿಗೇ ಸರಿಹೋಗುತ್ತದೆ. ಯಂತ್ರ ನಮ್ಮ ಕೈಗೆಟಕುವ ಮಾತಲ್ಲ. ಹೀಗಾಗಿ ಈ ಬಾಚಣಿಗೆಯ ಮೇಲೆ ತುಂಬ ಆಸೆ ಇಟ್ಟುಕೊಂಡಿದ್ದೆ.

ಮೊದಲ ದಿನ ಆಸೆ ಈಡೇರಿತು ಅನ್ನಿಸಿತ್ತು. ಹಲ್ಲುಗಳನ್ನು ಗೊಂಚಲಿನಡಿ ತೂರಿಸಿ ಮೇಲಕ್ಕೆತ್ತಿದರೆ ಹಣ್ಣು ಗಲಗಲನೆ ಒಳಗೆ ಉರುಳುತ್ತಿತ್ತು. ಇಡೀ ಬೆಳಗಿನ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಆಮೇಲೆ ಎಲ್ಲವನ್ನೂ ಮೇಜಿನ ಮೇಲೆ ಸುರಿದೆವು. ಎಲೆ, ಕಡ್ಡಿ, ಹಸಿರು ಕಾಯಿ, ಕೆಂಪು ಮಾಸದ ದೋರೆಗಾಯಿ ಎಲ್ಲವೂ ಹಣ್ಣಿನೊಂದಿಗೆ ಬೆರೆತಿದ್ದವು. ಸಂಜೆಯವರೆಗೂ ಕುಳಿತು ಆರಿಸಿದೆವು. ಬ್ಲೂಬೆರಿ ಗೊಂಚಲು ಒಟ್ಟಿಗೆ ಹಣ್ಣಾಗುವುದಿಲ್ಲ, ಕಿತ್ತ ದೋರೆಗಾಯಿಗೆ ಸಿಹಿ ಏರುವುದೂ ಇಲ್ಲ. ಮುಂದಿನ ವಾರದ ಒಳ್ಳೆಯ ಹಣ್ಣನ್ನು ಅಂದೇ ಹಾಳು ಮಾಡಿಕೊಂಡಿದ್ದೆವು.

ಇದನ್ನಾದರೂ ಸಹಿಸಬಹುದಿತ್ತು. ಎರಡನೆಯ ವರ್ಷ ಗಿಡ ಹೂ ಬಿಟ್ಟಾಗ ನಿಜವಾಗಿ ಹೊಟ್ಟೆ ಉರಿಯಿತು: ಬಾಚಿದ ಗಿಡಗಳಲ್ಲಿ ತುದಿಗಳೆಲ್ಲ ಬೋಳು. ಮುಂದಿನ ಬೆಳೆಯ ಹೂಮೊಗ್ಗು ಕೂರುವುದು ಈ ವರ್ಷದ ಚಿಗುರಿನ ತುದಿಯಲ್ಲಿ. ಬಾಚಣಿಗೆ ಆ ಚಿಗುರುಗಳನ್ನೇ ಮುರಿದುಹಾಕಿತ್ತು.

ಈ ಉಪಕರಣ ಹುಟ್ಟಿದ್ದು ನೆಲಕ್ಕಂಟಿ ಬೆಳೆಯುವ ಕಾಡು ಬ್ಲೂಬೆರಿಗಾಗಿ. ಅಮೆರಿಕದ ಮೇನ್ ರಾಜ್ಯದ ಹೊಲಗಳಲ್ಲಿ ಅಂಥ ಗಿಡಗಳನ್ನು ಒಮ್ಮೆಗೇ ಬಾಚಿ, ಬಳಿಕ ನೆಲಮಟ್ಟಕ್ಕೆ ಸವರುತ್ತಾರೆ ಅಥವಾ ಸುಡುತ್ತಾರೆ; ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಬೆಳೆ. ಸವರಿಹಾಕುವ ಗಿಡದ ಚಿಗುರು ಮುರಿದರೆ ಯಾರಿಗೂ ನಷ್ಟವಿಲ್ಲ. ಎದೆಯೆತ್ತರದ ನನ್ನ ಪೊದೆಗಳ ಕಥೆ ಬೇರೆ. ಮಾರುವವರು ಪೊಟ್ಟಣದ ಮೇಲೆ ಇದೊಂದು ಸಾಲು ಬರೆದಿದ್ದರೆ ಸಾಕಿತ್ತು.

ಈಗ ಬ್ಲೂಬೆರಿಗೆ ನಮ್ಮ ಸಾಧನ ಎರಡು ಲೀಟರಿನ ಹಳೆಯ ಪ್ಲಾಸ್ಟಿಕ್ ಡಬ್ಬಿ. ಬಾಯಿ ಅಗಲವಾಗಿ ಕತ್ತರಿಸಿ, ಬೆಲ್ಟಿಗೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಳ್ಳುತ್ತೇವೆ. ಎರಡೂ ಕೈ ಬಿಡುವಾಗುವುದರಿಂದ ಕೆಲಸ ಎಷ್ಟು ಚುರುಕಾಗುತ್ತದೆ ಎಂಬುದನ್ನು ಕಟ್ಟಿಕೊಂಡೇ ನೋಡಬೇಕು. ಇಬ್ಬನಿ ಆರುವವರೆಗೆ ಕಾಯುತ್ತೇವೆ. ಒದ್ದೆ ಹಣ್ಣು ಉಳಿಯುವುದಿಲ್ಲ. ಗೊಂಚಲಿನಡಿ ಅಂಗೈ ಒಡ್ಡಿ ಹೆಬ್ಬೆರಳಿನಿಂದ ಮೆಲ್ಲಗೆ ಉರುಳಿಸಿದರೆ ಮಾಗಿದ್ದು ತಾನಾಗಿ ಕಳಚಿ ಬೀಳುತ್ತದೆ, ಮಾಗದ್ದು ತೊಟ್ಟನ್ನು ಬಿಡುವುದಿಲ್ಲ. ಅನುಮಾನ ಬಂದರೆ ಹಣ್ಣನ್ನು ತುಸು ತಿರುಗಿಸಿ ತೊಟ್ಟಿನ ಬುಡ ನೋಡುತ್ತೇನೆ: ಅಲ್ಲಿ ಕೆಂಪು ಉಳಿದಿದ್ದರೆ ಇನ್ನೂ ಕೆಲವು ದಿನ ಬೇಕು. ಹಣ್ಣಿನ ಮೇಲಿನ ಬೂದುಬಣ್ಣದ ಮೇಣದ ಪುಡಿ ಅಳಿಸದಂತೆ ಆಳವಿಲ್ಲದ ತಟ್ಟೆಗೆ ಸುರಿದು ನೆರಳಿಗಿಡುತ್ತೇವೆ. ವಾರಕ್ಕೊಮ್ಮೆ ಅದೇ ಗಿಡಕ್ಕೆ ಮರಳುತ್ತೇವೆ. ಬೆಳಗಿನ ಆ ಎರಡು ಗಂಟೆ ನನಗೆ ದಿನದಲ್ಲೇ ಇಷ್ಟವಾದ ಹೊತ್ತು.

ಹಾಗಂತ ಬಾಚಣಿಗೆಯನ್ನು ಮೂಲೆಗೆಸೆದಿಲ್ಲ. ಮೂರನೆಯ ಹಂಗಾಮಿನಲ್ಲಿ ಅದಕ್ಕೆ ತಕ್ಕ ಕೆಲಸ ಸಿಕ್ಕಿತು. ಕಪ್ಪು ಕರಂಟ್ ಪೊದೆಯಲ್ಲಿ ಹಳೆಯ ಕೊಂಬೆಗಳ ಮೂರನೇ ಒಂದು ಭಾಗವನ್ನು ಹೇಗೂ ಪ್ರತಿವರ್ಷ ಸವರಬೇಕು. ಅವನ್ನು ಹಣ್ಣಿರುವಾಗಲೇ ಕತ್ತರಿಸಿ, ನೆರಳಿಗೆ ತಂದು, ಟಬ್ಬಿನ ಮೇಲೆ ಹಿಡಿದು ಬಾಚುತ್ತೇವೆ. ಸವರುವಿಕೆ, ಕೊಯ್ಲು ಎರಡೂ ಒಮ್ಮೆಗೇ ಆಗುತ್ತವೆ. ಎಲೆ ಬೇರ್ಪಡಿಸಲು ಓರೆಯಾಗಿಟ್ಟ ಹಲಗೆಗೆ ಒದ್ದೆ ಕಂಬಳಿ ಹೊದಿಸಿ ಮೇಲಿನಿಂದ ಸುರಿಯುತ್ತೇವೆ. ಎಲೆ ಅಂಟಿಕೊಳ್ಳುತ್ತದೆ, ಹಣ್ಣು ಉರುಳಿ ಕೆಳಗಿಳಿಯುತ್ತದೆ. ಉಳಿದ ಗೊಂಚಲು ಕಡ್ಡಿಗಳನ್ನು ಮಾತ್ರ ಕೈಯಲ್ಲಿ ತೆಗೆಯುತ್ತೇವೆ. ಎಲ್ಲವೂ ಜಾಮಿಗೆ ಹೋಗುವುದರಿಂದ ನಾಲ್ಕು ಹಣ್ಣು ಒಡೆದರೂ ಚಿಂತೆಯಿಲ್ಲ.

ರಾಸ್ಪ್‌ಬೆರಿ ಬೆಳೆಯುವವರು ಇದನ್ನು ಕೊಳ್ಳಲೇಬೇಡಿ. ಒಳಗೆ ಟೊಳ್ಳಾಗಿ ಕಳಚುವ ಆ ಹಣ್ಣು ಬೆರಳಿನ ಒತ್ತಡಕ್ಕೇ ಜಜ್ಜಿಹೋಗುತ್ತದೆ. ಎತ್ತರದ ಬ್ಲೂಬೆರಿಯಷ್ಟೇ ಇರುವವರು ಆ ದುಡ್ಡಿಗೆ ತಟ್ಟೆಗಳನ್ನು ಕೊಳ್ಳಿ. ಕರಂಟ್ ಸಾಲಿದ್ದರೆ ಮಾತ್ರ ಬಾಚಣಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಬಳಸಿದ ದಿನವೇ ಹಲ್ಲುಗಳ ನಡುವೆ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿ ತೊಳೆಯಿರಿ, ರಸ ಒಣಗಿದರೆ ಕೀಳುವುದು ಕಷ್ಟ.